ಸಿಕುಜುವಾಳ ಈಲಿ

ಮಾರ್ಚ್ 4, ಸೋಮವಾರ

ಶಾಲೆಯ ಅಡುಗೆಮನೆಯ ಹಳೇ ನೋಟುಪುಸ್ತಕ ಪೆಟ್ಟಿಗೆಯಲ್ಲಿ ಸಿಕ್ಕಿತು. ಮುಂದಿನ ಪುಟಗಳಲ್ಲೆಲ್ಲ ಇನ್ನೂರು ಮಕ್ಕಳಿಗೆ ಎಷ್ಟು ಕಾಳು, ಎಷ್ಟು ಮೆಕ್ಕೆಜೋಳ ಎಂದು ನಾನೇ ಬರೆದದ್ದು. ಮಿಕ್ಕವು ಖಾಲಿ. ಅಡುಗೆ ಕೆಲಸ ಬಿಟ್ಟು ಎರಡು ವರ್ಷವಾದರೂ ಬರೆಯುವ ಚಟ ಬಿಟ್ಟಿಲ್ಲ. ಇನ್ನು ಮೇಲೆ ಹಸುವಿನ ವಿಷಯ ಬರೆಯುತ್ತೇನೆ. ನನ್ನ ಗಂಡ ಓಬೆದಿಗೆ ಹೇಳಿದರೆ "ಹೂಂ" ಅನ್ನುತ್ತಾರೆ. ಪುಸ್ತಕ ಅಷ್ಟೂ ಅನ್ನುವುದಿಲ್ಲ, ಅದೇ ವಾಸಿ.

ಸಿಕುಜುವಾ ಈ ಬೆಳಿಗ್ಗೆ ನಾಲ್ಕು ಲೀಟರ್ ಕೊಟ್ಟಳು. ಹೋದ ವರ್ಷ ಒಂಬತ್ತು ಕೊಡುತ್ತಿದ್ದವಳು. ಬೇಲಿಯಾಚೆ ನನ್ನ ಓರಗಿತ್ತಿ ಐಕಾಂದೆಯ ಕರಿ ಹಸು ಹನ್ನೊಂದು ಕೊಡುತ್ತದಂತೆ. ಆ ಹೆಂಗಸು ಹಾಲಿನ ಕ್ಯಾನು ಹೊತ್ತು ನಮ್ಮ ಅಂಗಳದ ಮುಂದೆಯೇ ಹೋಗುತ್ತಾಳೆ. ಬೇರೆ ದಾರಿ ಇಲ್ಲವೆ? ಇಲ್ಲ. ಆದರೂ.

ಮಾರ್ಚ್ 9, ಶನಿವಾರ

ಸಂತೆಗೆ ಹೋಗಿದ್ದೆ. ಸರೋವರದ ಕಡೆಯಿಂದ ಬಂದು ಮಗಾದಿ ಉಪ್ಪು ಮಾರುವವಳು ಬೂದು ಬಿಳಿ ಗಟ್ಟಿಗಳನ್ನು ಗೋಣಿಯ ಮೇಲೆ ಹರಡಿಕೊಂಡು ಕೂತಿದ್ದಳು. ಹಸುವಿನ ಕಷ್ಟ ಹೇಳಿಕೊಂಡೆ.

"ಅಮ್ಮಾ, ಹಾಲು ಹೆಚ್ಚಿಸೋಕೆ ಇದ್ಕಿಂತ ಔಷ್ದಿ ಬೇಕಾ? ನೀವು ಹಿಡಿ ಹಿಡಿ ಹಾಕಿದ್ರೆ ಎಲ್ಲಿ ಸಾಲುತ್ತೆ? ಕೈ ಬಿಚ್ಚಿ ಹಾಕಿ."

ನನಗೆ ಮಗಾದಿಯ ಪಾಠ ಹೇಳುತ್ತಾಳೆ! ಮೂವತ್ತು ವರ್ಷ ಇದೇ ಸರೋವರದ ಸೋಡಾ ಹಾಕಿ ಕಾಳು ಬೇಯಿಸಿದವಳು ನಾನು. ಕಲ್ಲಿನಂಥ ಕಾಳು ಇದೊಂದು ಚೂರಿಗೆ ಬೆಣ್ಣೆಯಾಗುತ್ತದೆ. ಎದೆಯುರಿಗೆ ನೆಕ್ಕಿದರೆ ಉರಿ ಇಳಿಯುತ್ತದೆ. ಹಸುವಿನ ಹೊಟ್ಟೆ ಉಬ್ಬರಿಸಿದರೆ ಕರಗಿಸಿ ಕುಡಿಸುತ್ತೇವೆ. ಬಯಕೆಯ ಹೆಂಗಸರೂ ಕಡಿಯುತ್ತಾರೆ. ಆದರೂ ಅವಳು ಹೇಳಿದ್ದರಲ್ಲಿ ಹುರುಳಿದೆ ಅನ್ನಿಸಿ ದೊಡ್ಡ ಡಬ್ಬಿ ತುಂಬಿಸಿಕೊಂಡು ಬಂದೆ. ವರ್ಷದಿಂದ ದಿನಕ್ಕೊಂದು ಹಿಡಿ ಕೊಡುತ್ತಿದ್ದೆ. ಇಂದಿನಿಂದ ಎರಡು.

ಮಾರ್ಚ್ 28, ಗುರುವಾರ

ಮಳೆ ಹಿಡಿದಿದೆ. ನಮ್ಮೂರ ಮೇಲಿನ ಮೇರು ಬೆಟ್ಟ ಮೋಡದಲ್ಲಿ ಮುಚ್ಚಿ ನಾಲ್ಕು ದಿನದಿಂದ ಮುಖ ತೋರಿಸಿಲ್ಲ.

ಸಿಕುಜುವಾ ಹುಲ್ಲು ಮೂಸುತ್ತಾಳೆ, ಬಿಡುತ್ತಾಳೆ. ಬಲ ಮುಂಗಾಲು ಎತ್ತಿ ಎತ್ತಿ ಇಡುತ್ತಾಳೆ. ಹೊಳೆಯಿಂದ ತಂದ ನೀರಿಗೆ ಬಾಯಿಟ್ಟವಳು ಚುರುಕ್ಕೆಂದಂತೆ ಹಿಂದೆಳೆದುಕೊಂಡಳು. ಹುಟ್ಟಿದಾಗಿನಿಂದ ಕುಡಿದ ನೀರು ಈಗ ಏಕೆ ಬೇಡ?

ಮಧ್ಯಾಹ್ನ ಐಕಾಂದೆ ಬಂದಳು. ಒಂದು ಕೈಯಲ್ಲಿ ಕೊಚ್ಚಿದ ಬಾಳೆದಿಂಡು, ಇನ್ನೊಂದರಲ್ಲಿ ಬಕೆಟ್. "ಸೂರಿಂದ ಹಿಡಿದ ಮಳೆನೀರು ಕಣೇ. ನಮ್ಮದಕ್ಕೂ ಇದನ್ನೇ ಕೊಡ್ತೀನಿ. ಕುಡೀತಾಳೇನೋ ನೋಡು" ಅಂದಳು. ನಾನು ಬೇಡ ಅನ್ನುವಷ್ಟರಲ್ಲಿ ಬಕೆಟ್ ಇಟ್ಟಾಗಿತ್ತು. ಸಿಕುಜುವಾ ತಲೆ ಎತ್ತದೆ ಪೂರ್ತಿ ಕುಡಿದಳು.

ನನ್ನ ಹಸು ನನ್ನ ಕೈಯ ನೀರು ಬಿಟ್ಟು ಅವಳ ನೀರು ಕುಡಿಯಿತು. ಬರೆಯುವಾಗಲೂ ಮೈ ಉರಿಯುತ್ತದೆ.

ಏಪ್ರಿಲ್ 9, ಮಂಗಳವಾರ

ಎರಡು ಲೀಟರ್.

ಆ ಹೆಂಗಸು ದಿನವೂ ಬರುತ್ತಾಳೆ. ಏಕೆ? ಪಕ್ಕದಲ್ಲೇ ಇದ್ದ ಹತ್ತೊಂಬತ್ತು ವರ್ಷದಲ್ಲಿ ಒಂದು ಚಿಟಿಕೆ ಉಪ್ಪು ಕೇಳಿಕೊಂಡು ಬಂದವಳಲ್ಲ. ಅವಳ ಹಸುವಿಗೆ ಹನ್ನೊಂದು, ನನ್ನದಕ್ಕೆ ಎರಡು, ಮತ್ತೆ ಈಗ ಕರುಣೆ! ಇವತ್ತು ಅವಳು ತಂದ ದಿಂಡನ್ನು ಬಿಡಿಸಿ ನೋಡಿದೆ. ನಡುವಿನ ಪದರದಲ್ಲಿ ಬೂದಿಯಂಥದೇನೋ ಅಂಟಿತ್ತು. ಮಣ್ಣೂ ಇರಬಹುದು. ಬೂದಿಯೇ ಇರಬಹುದು. ಅವಳು ಹೋದ ಮೇಲೆ ದಿಂಡು ಗುಂಡಿಗೆ ಎಸೆದೆ. ಮಳೆನೀರನ್ನು ಗೇಟಿನ ಹತ್ತಿರ ಚೆಲ್ಲಿದೆ. ಸಿಕುಜುವಾ ಚೆಲ್ಲಿದ ನೀರಿನ ಕಡೆಗೇ ನೋಡುತ್ತಿದ್ದಳು.

ತವುಡಿನಲ್ಲಿ ಮೂರು ಹಿಡಿ ಮಗಾದಿ ಕಲಸಿ ಕೊಟ್ಟೆ. ಉಪ್ಪಿನ ಆಸೆಗೆ ತಿಂದಳು. ನನ್ನ ಕೈಯಿಂದ ತಿಂದಳು, ಅಷ್ಟು ಸಾಕು.

ಏಪ್ರಿಲ್ 21, ಈಸ್ಟರ್ ಭಾನುವಾರ

ಚರ್ಚಿನ ಅಂಗಳದಲ್ಲಿ ಹೆಂಗಸರೆಲ್ಲ ಹಸುವಿನ ಬಗ್ಗೆ ಕೇಳಿದರು. "ಯಾರೋ ಏನೋ ತಿನ್ನಿಸ್ತಿದಾರೆ" ಅಂದೆ. "ಯಾರು?" ಅಂದರು. ಹೆಸರು ಹೇಳಲಿಲ್ಲ. ಬಾಳೆದಿಂಡು ಯಾರು ತರುತ್ತಾರೆಂದು ಮಾತ್ರ ಹೇಳಿದೆ. ಸುಳ್ಳೇನೂ ಹೇಳಿಲ್ಲವಲ್ಲ.

ಪೂಜೆ ಮುಗಿದು ಐಕಾಂದೆ ಹೊರಗೆ ಬಂದಾಗ ಯಾರೂ ಅವಳ ಕೈ ಹಿಡಿದು ಹಬ್ಬದ ಶುಭ ಹೇಳಲಿಲ್ಲ. ಚಾಚಿದ ಕೈಯನ್ನು ಅವಳು ಸೆರಗಿನಲ್ಲಿ ಒರೆಸಿಕೊಂಡಳು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಓಬೆದಿ ಎಂದಿಲ್ಲದ ಹಾಗೆ ಬಾಯಿ ಬಿಟ್ಟರು. "ಒಂದ್ ಇಸಾಲೆ ಎಲೆ ಗಂಟು ಹಾಕ್ಕೊಂಡು ಅತ್ತಿಗೆ ಹತ್ರ ಹೋಗು."

"ನಾನ್ಯಾಕ್ರೀ ಗಂಟು ಹಾಕ್ಲಿ? ತಪ್ಪು ಮಾಡ್ದೋರು ಹಾಕ್ಕೊಂಡು ಬರ್ಲಿ. ಬೇಡ ಅನ್ನೋ ಹಾಗಿಲ್ವಲ್ಲ, ಕ್ಷಮಿಸ್ತೀನಿ."

ಗಂಟು ಹಾಕಿದ ಇಸಾಲೆ ಎಲೆ ಹಿಡಿದು ಕ್ಷಮೆ ಕೇಳಲು ಬಂದವರನ್ನು ನಮ್ಮಲ್ಲಿ ಯಾರೂ ಬರಿಗೈಲಿ ಕಳಿಸುವಂತಿಲ್ಲ. ಎರಡು ಮನೆಗಳ ನಡುವೆ ಇರುವುದೇ ಇಸಾಲೆಯ ಬೇಲಿ. ಎಲೆಗೇನೂ ಬರವಿಲ್ಲ.

ಮೇ 2, ಗುರುವಾರ

ಪಶು ಅಧಿಕಾರಿ ಬಂದಿದ್ದಳು. ನೋಡಿದರೆ ಲೈಟ್‌ನೆಸ್! ನಮ್ಮ ಶಾಲೆಯಲ್ಲಿ ಊಟದ ಸಾಲಿನಲ್ಲಿ ಎರಡು ಸಲ ನಿಲ್ಲುತ್ತಿದ್ದ ಹುಡುಗಿ. ಈಗ ಗಂಬೂಟು, ಮೋಟಾರ್ ಬೈಕು. ನಕ್ಕರೆ ಅದೇ ನಮ್ಮೂರ ಕಂದು ಹಲ್ಲು. ಅರೂಷಾ ಪೇಟೆಯಲ್ಲಿ ನಾವು ಬಾಯಿ ತೆರೆದರೆ ಸಾಕು, ಯಾವ ಊರೆಂದು ಯಾರೂ ಕೇಳುವುದಿಲ್ಲ.

ಹಸುವಿನ ಹಲ್ಲು ನೋಡಿದಳು. ಮುಂಗಾಲಿನ ಮೂಳೆಯ ಮೇಲಿನ ಗಂಟುಗಳನ್ನು ಒತ್ತಿ ನೋಡಿದಳು. ಬಲಗಡೆ ಪಕ್ಕೆಯ ಕೆಳಗೆ ಬೆರಳಿಟ್ಟಾಗ ಸಿಕುಜುವಾ ನರಳಿದಳು.

"ಲಿವರ್ ಸರಿ ಇದ್ದ ಹಾಗಿಲ್ಲ ಅಮ್ಮ."

"ಈಲಿನಾ?"

"ಹೂಂ, ಈಲಿ. ಈ ಮಳೇಲಿ ಹುಳ ಸೇರ್ಕೊಂಡಿರ್ಬೋದು. ಔಷ್ದಿ ಕುಡಿಸ್ತೀನಿ. ರಕ್ತಾನೂ ತೊಗೊಂಡ್ ಹೋಗ್ತೀನಿ. ನೀರು ಎಲ್ಲೀದು?"

"ಎಲ್ಲರ್ದೂ ಎಲ್ಲಿಂದೋ ಅಲ್ಲೀದೇ. ಹೊಳೇದು."

"ಉಪ್ಪು ಕೊಡ್ತೀರಾ?"

"ಕೊಡದೇ ಇರ್ತೀನಾ? ಧಾರಾಳವಾಗಿ" ಅಂದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೆಳಗಿನ ಹಳ್ಳಿಯಲ್ಲಿ ಹಸು ಹೆರಲಾಗದೆ ಒದ್ದಾಡುತ್ತಿದೆಯಂತೆ, ಹೊರಟೇಬಿಟ್ಟಳು. ಹೋಗುವಾಗ "ಏನೇನ್ ತಿಂತಾಳೆ ಎಲ್ಲಾ ಬರ್ದಿಡಿ ಅಮ್ಮ" ಅಂದಳು. ನಾನು ಆಗಲೇ ಬರೆಯುತ್ತಿದ್ದೇನೆ ಅಂದೆ. ನನಗೆ ಹೆಮ್ಮೆಯಾಯಿತು.

ಮೇ 15, ಬುಧವಾರ

ಹುಳದ ಔಷಧಿಗೆ ಏನೂ ಆಗಲಿಲ್ಲ. ಹಾಲು ನಿಂತಿತು. ಬೆನ್ನ ಮೂಳೆ ಎಣಿಸಬಹುದು.

ಮಗಾದಿ ನೀರು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು.

ಮೇ 20, ಸೋಮವಾರ

ಲೈಟ್‌ನೆಸ್ ಫೋನು ಮಾಡಿದಳು. ರಕ್ತದ ವರದಿ ಬಂದಿದೆ. ಈಲಿ ಬಹಳ ಕೆಟ್ಟಿದೆಯಂತೆ. "ಹುಳ ಅಲ್ಲ ಅನ್ಸುತ್ತೆ ಅಮ್ಮ. ಏನೋ ವಿಷದಂಥದ್ದು ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗ್ತಿದೆ."

ವಿಷ. ಅವಳ ಬಾಯಿಂದಲೇ ಬಂತು! ನನಗಾದದ್ದು ಸಂತೋಷವೋ ಭಯವೋ ತಿಳಿಯಲಿಲ್ಲ. ಆದರೆ ಬಾಳೆದಿಂಡನ್ನು ಆರು ವಾರದಿಂದ ಗುಂಡಿಗೇ ಹಾಕುತ್ತಿದ್ದೇನೆ. ಹಾಗಾದರೆ ಯಾವಾಗ ತಿನ್ನಿಸುತ್ತಾಳೆ? ನಾನು ಹೊಳೆಗೆ ಹೋದಾಗಲೆ? ನಾನು ಹೊಳೆಗೆ ಹೋದಾಗ ಓಬೆದಿ ಕೊಟ್ಟಿಗೆಯ ಬಾಗಿಲಲ್ಲೇ ಕೂತಿರುತ್ತಾರೆ. ತಲೆ ಕೆಟ್ಟು ಹೋಗಿದೆ. ಒಂದು ಸರಿಹೋದರೆ ಇನ್ನೊಂದು ಸರಿಹೋಗುವುದಿಲ್ಲ.

ಕುಲದ ಹಿರಿಯರಿಗೆ ಹೇಳಿ ಕಳಿಸಿದೆ. ಜೂನ್ ಒಂದು, ಶನಿವಾರ ಕೂರುತ್ತಾರೆ. ಅವಳು ಮಾಡಿದ್ದೆಂದು ಅವರು ಒಪ್ಪಿದರೆ ಊರಿನಲ್ಲಿ ಅವಳ ಮನೆಯ ಬೆಂಕಿ, ನೀರು ಯಾರೂ ಮುಟ್ಟುವುದಿಲ್ಲ. ಓಬೆದಿ ಕೇಳಿದರು: "ನಿಂಗೆ ಖಂಡಿತ ಗೊತ್ತಾ?" ನಾನು ಗೊತ್ತು ಅಂದೆ.

ಮೇ 27, ಸೋಮವಾರ

ಓಬೆದಿ ಸಾವಿನ ಮನೆಗೆ ಹೋಗಿದ್ದರು. ಹಾಲು ಬಿಟ್ಟ ಹಸುವನ್ನು ಬೆಳಗಿನ ಬಿಸಿಲಿಗೆ ಬಿಡೋಣವೆಂದು ಹೊರಗೆ ತಂದೆ. ಗೇಟಿನ ಹತ್ತಿರ ಸಿಕುಜುವಾ ಮುಂಗಾಲು ಮಡಿಸಿ ಕುಸಿದಳು. ಕೆಸರು. ನಾನೊಬ್ಬಳೇ ಎಷ್ಟು ಎಳೆದರೂ ಏಳಲಿಲ್ಲ. ಕೂಗಿದೆ. ಯಾರನ್ನು ಕೂಗಿದೆನೋ ಗೊತ್ತಿಲ್ಲ. ಬೇಲಿ ಸರಿಸಿಕೊಂಡು ಬಂದವಳು ಐಕಾಂದೆ. ಎರಡು ಗೋಣಿ ತಂದಿದ್ದಳು.

"ನೀನು ಮುಟ್ಬೇಡ" ಅಂದೆ.

"ಶನಿವಾರ ನನ್ಮೇಲೆ ಏನ್ ಬೇಕಾದ್ರೂ ಹೇಳ್ಕೋ. ಈಗ ಆ ಕಡೆ ಹಿಡ್ಕೋ."

ಹಿಡಿದೆ. ಹೊಟ್ಟೆಯಡಿ ಗೋಣಿ ತೂರಿಸಿ ಇಬ್ಬರೂ ಎತ್ತಿದೆವು. ಮೂರು ಸಲ ಬಿದ್ದಳು. ನಾಲ್ಕನೆಯ ಸಲ ಐಕಾಂದೆ ತನ್ನ ಬೆನ್ನನ್ನೇ ಹಸುವಿನ ಪಕ್ಕೆಗೆ ಕೊಟ್ಟು ನಿಂತಳು. ಅವಳಿಗೂ ಮಂಡಿ ನೋವು, ಕಾಲು ಸೊಟ್ಟಗಿದೆ. ಮೊದಲು ಅಷ್ಟಿರಲಿಲ್ಲ. ಎಂದಿನಿಂದ ಹಾಗಾಯಿತೋ ನಾನು ನೋಡಿರಲಿಲ್ಲ.

ಎದ್ದು ನಿಂತ ಮೇಲೆ ಇಬ್ಬರೂ ಕೆಸರಿನಲ್ಲಿ ಕೂತು ಏದುಸಿರು ಬಿಟ್ಟೆವು. ಐಕಾಂದೆ ನಕ್ಕಳು. "ಇವಳು ಹುಟ್ಟಿದ ದಿನ ನೆನಪಿದ್ಯಾ? ಓಬೆದಿ ಮುಖ!"

ನೆನಪಿದೆ. ತಾಯಿ ಹಸು ಗಬ್ಬವಾಗಿದ್ದೇ ನಮಗೆ ತಿಳಿದಿರಲಿಲ್ಲ. ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯಲ್ಲಿ ಕರು. ಓಬೆದಿ ಬಾಗಿಲಲ್ಲಿ ನಿಂತು "ನಂಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿರ್ಲಿಲ್ಲ" ಅನ್ನುತ್ತಲೇ ಇದ್ದರು, ನಮ್ಮ ಮಾತಿನಲ್ಲಿ ಸಿಕುಜುವಾ, ಸಿಕುಜುವಾ ಎಂದು. ಆ ಮಾತೇ ಕರುವಿಗೆ ಹೆಸರಾಯಿತು. ಆ ಹೆಸರಿಟ್ಟವಳು ಐಕಾಂದೆಯೇ. ಅದೂ ಮರೆತೇಹೋಗಿತ್ತು.

ಅವಳು ಮಳೆನೀರು ತಂದಿಟ್ಟು ಹೋದಳು. ಚೆಲ್ಲಲಿಲ್ಲ. ಸುಸ್ತಾಗಿತ್ತು.

ಜೂನ್ 1, ಶನಿವಾರ

ಬೆಳಿಗ್ಗೆ ಸಿಕುಜುವಾ ಏಳಲೇ ಇಲ್ಲ. ಕಣ್ಣು ಹಳದಿಯಾಗಿತ್ತು. ಇನ್ನು ನರಳಿಸುವುದು ಬೇಡ ಅಂದರು ಭಾವ, ಐಕಾಂದೆಯ ಗಂಡ. ನಮ್ಮ ಮನೆತನದಲ್ಲಿ ಕತ್ತಿ ಹಿಡಿಯುವವರು ಅವರೇ. ನಾನು ಮನೆಯೊಳಗೆ ಕಿವಿ ಮುಚ್ಚಿ ಕೂತೆ.

ಆಮೇಲೆ ಕರೆದರು. ಹಿರಿಯರು ನಾಲ್ವರೂ ಬಂದಿದ್ದರು, ಮಾಂಸ ಪರೀಕ್ಷೆಗೆಂದು ಲೈಟ್‌ನೆಸ್ ಬಂದಿದ್ದಳು. ಐಕಾಂದೆ ಬೇಲಿಯ ಹತ್ತಿರ ಒಂಟಿಯಾಗಿ ನಿಂತಿದ್ದಳು. ನಮ್ಮಲ್ಲಿ ಮನೆಯ ಪ್ರಾಣಿ ಕಡಿದರೆ ಅದರ ಈಲಿ ಅದಕ್ಕೆ ಮೇವು ಹಾಕಿದವರ ಪಾಲು. ಭಾವ ಬಾಳೆಲೆಯ ಮೇಲಿಟ್ಟು ಎರಡೂ ಕೈಯಿಂದ ನನಗೆ ಕೊಟ್ಟರು. "ತೊಗೋಮ್ಮ. ಸಾಕಿದೋಳು ನೀನು."

ಈಲಿ ಕೆಂಪಗೆ, ಗಟ್ಟಿಯಾಗಿ ಇರಬೇಕು. ನನ್ನ ಕೈಯಲ್ಲಿದ್ದದ್ದು ಜೇಡಿಮಣ್ಣಿನ ಬಣ್ಣದ್ದು, ಊದಿಕೊಂಡಿದ್ದು, ಜಿಡ್ಡು ಜಿಡ್ಡು. ಹೆಬ್ಬೆರಳು ಅದುಮಿದ ಕಡೆ ಒಳಗೆ ಹೋಯಿತು. ನಾನು ಬೇಯಿಸಿದ ಕಾಳಿನ ಹಾಗೆ.

ಲೈಟ್‌ನೆಸ್ ಚಾಕು ತೆಗೆದುಕೊಂಡು ಅಡ್ಡ, ಉದ್ದ ಸೀಳಿದಳು. "ಒಂದ್ ಹುಳಾನೂ ಇಲ್ಲ. ಇದನ್ನ ನಾಯಿಗೂ ಹಾಕ್ಬೇಡಿ." ಮತ್ತೆ ಕಾಲಿನ ಮೂಳೆ ಕೆತ್ತಿ ನೋಡಿದಳು. ಬಾಯಿ ಬಿಡಿಸಿ ಸವೆದ ಕಂದು ಹಲ್ಲು ನೋಡಿದಳು.

ನಾನು ಹಿರಿಯರ ಕಡೆ ತಿರುಗಿ ಜೋರಾಗಿ ಅಂದೆ: "ವಿಷ ಅಂತ ಇವ್ಳೇ ಹೇಳಿದಾಳೆ. ಕೇಳಿ."

"ಅಮ್ಮ, ಅವತ್ತು ಉಪ್ಪು ಅಂದ್ರಲ್ಲ. ಯಾವ ಉಪ್ಪು?"

"ಯಾವ್ದು ಅಂದ್ರೇನು? ಮಗಾದಿ!" ಒಳಗೆ ಹೋಗಿ ಡಬ್ಬಿ ತಂದು ಅವಳ ಮುಂದಿಟ್ಟೆ. ತಳದಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು. "ಕಡಿಮೆ ಮಾಡಿಲ್ಲ, ನೋಡು. ಈ ಬೀದೀಲಿ ಯಾರೂ ಇಷ್ಟು ಹಾಕಲ್ಲ."

ಲೈಟ್‌ನೆಸ್ ಡಬ್ಬಿಯನ್ನೇ ನೋಡಿದಳು. ಆಮೇಲೆ ಬಹಳ ಮೆತ್ತಗೆ ಮಾತಾಡಿದಳು. "ನಮ್ಮ ಹಲ್ಲು ಕಂದು ಮಾಡಿದ್ದು ಯಾವ್ದೋ ಅದೇ ಇದ್ರಲ್ಲೂ ಇದೆ ಅಮ್ಮ. ಫ್ಲೋರೈಡ್ ಅಂತ. ಹೊಳೆ ನೀರಲ್ಲೂ ಇದೆ, ಇದ್ರಲ್ಲಿ ತುಂಬಾ ಜಾಸ್ತಿ. ಹಲ್ಲು, ಮೂಳೆ ಅಷ್ಟೇ ಕೆಡೋದು ಅಂದ್ಕೋತೀವಿ. ಮೇವಲ್ಲಿ ಮಿತಿ ಮೀರಿ ಹೋದ್ರೆ ಈಲೀನೂ ಬಿಡಲ್ಲ. ಒಳಗೆ ಬಂದಿದ್ದನ್ನೆಲ್ಲ ಸಂಭಾಳ್ಸೋದು ಅದೇ ತಾನೇ? ಸಂಭಾಳ್ಸಿ ಸಂಭಾಳ್ಸಿ ಹೀಗಾಗುತ್ತೆ. ಈ ಪುಡೀನೂ ಈಲಿ ತುಂಡೂ ಪರೀಕ್ಷೆಗೆ ಕಳಿಸ್ತೀನಿ. ಅದು ಬರೋವರ್ಗೂ ಇದೇ ಅಂತ ಆಣೆ ಇಡಕ್ಕಾಗಲ್ಲ. ಆದ್ರೆ ಎಷ್ಟ್ ಕೊಟ್ರಿ, ಯಾವಾಗಿಂದ, ಬರ್ದಿದೀರಲ್ವಾ?"

"ಅವಳ ಹಸುಗೇನೂ ಆಗಿಲ್ವಲ್ಲ? ಅವಳೂ ಕೊಡ್ತಾಳೆ!"

ಬೇಲಿಯ ಹತ್ತಿರದಿಂದ ಐಕಾಂದೆ ಅಂದಳು: "ವಾರಕ್ಕೊಂದ್ ಚಿಟಿಕೆ. ನೀರು ಸೂರಿಂದು."

ಹಿರಿಯರು ಎದ್ದು ಟೋಪಿ ಹಾಕಿಕೊಂಡು ಹೋದರು. ಈಲಿಯ ಜಿಡ್ಡು ಇನ್ನೂ ನನ್ನ ಕೈಯಲ್ಲೇ ಇತ್ತು.

ಜೂನ್ 2, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಇದೇ ಪುಸ್ತಕವನ್ನು ಮೊದಲಿನಿಂದ ಓದಿದೆ.

ಮಾರ್ಚಿನಲ್ಲಿ ಎರಡು ಹಿಡಿ, ಆಮೇಲೆ ಕುಂಟು. ಮೂರು ಹಿಡಿ, ಆಮೇಲೆ ಹಾಲು ನಿಂತಿತು. ಚೊಂಬು ಚೊಂಬು, ಆಮೇಲೆ ಬಿದ್ದಳು. ನನ್ನದೇ ಅಕ್ಷರ, ಬೇರೆಯವರು ಬರೆದದ್ದಲ್ಲ. ಮಳೆನೀರು ಚೆಲ್ಲಿದೆ ಎಂದೂ ನಾನೇ ಬರೆದಿದ್ದೇನೆ. ಆ ಸಾಲು ಓದಿ ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ.

ಇನ್ನೂ ಗೊಂದಲ ಹೋಗಿಲ್ಲ. ನನ್ನ ತಾಯಿ ಕೊಟ್ಟಳು, ಅವಳ ತಾಯಿ ಕೊಟ್ಟಳು. ಹಾಗಾದರೆ ಅಷ್ಟು ವರ್ಷ ಅಷ್ಟು ಹಸುಗಳು ಹೇಗೆ ಬದುಕಿದವು? ಎಲ್ಲವೂ ಬದುಕಿದವೆ? ಕುಂಟಿ ಸತ್ತದ್ದಕ್ಕೆ ವಯಸ್ಸು ಅಂದೆವು, ದೃಷ್ಟಿ ಅಂದೆವು. ಮತ್ತೆ ಶಾಲೆಯ ಆ ಇನ್ನೂರು ಮಕ್ಕಳು? ಆ ಪುಟಗಳೂ ಇಲ್ಲೇ ಇವೆ, ಪ್ರತಿ ಹಂಡೆಗೆ ಎಷ್ಟು ಹಾಕಿದೆ ಎಂದು. ಅವನ್ನು ಇವತ್ತು ತೆರೆಯಲಾರೆ.

ಜೂನ್ 3, ಸೋಮವಾರ

ಬೇಲಿಯಿಂದ ಒಂದು ಇಸಾಲೆ ಎಲೆ ಕಿತ್ತೆ. ಗಂಟು ಹಾಕಲು ಹೋದರೆ ಎಲೆ ಸೀಳಿತು. ಇನ್ನೊಂದು ಕಿತ್ತೆ. ಮೂರನೆಯದಕ್ಕೆ ಗಂಟು ಬಿತ್ತು. ಬೇಲಿಯಾಚೆ ಐಕಾಂದೆ ಅಕ್ಕ ಹಸುವಿಗೆ ದಿಂಡು ಕೊಚ್ಚುತ್ತಿದ್ದವಳು ಎಲ್ಲವನ್ನೂ ನೋಡುತ್ತಿದ್ದಳಂತೆ. ನನಗೆ ಆಮೇಲೆ ಹೇಳಿದಳು.

ಹೇಳಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ದಾರಿ ಅಂದರೆ ಹದಿನೈದು ಹೆಜ್ಜೆ. ಚರ್ಚಿನ ಅಂಗಳದ್ದು, ಹಿರಿಯರದ್ದು, ದಿಂಡಿನದ್ದು, ನೀರಿನದ್ದು. ಎದುರು ನಿಂತಾಗ ಒಂದೂ ಬರಲಿಲ್ಲ. ಎಲೆ ಚಾಚಿದೆ. ಬಾಯಿಗೆ ಬಂದದ್ದು ಒಂದೇ ಮಾತು.

"ಸಿಕುಜುವಾ."

ಹಸುವಿನ ಹೆಸರು ಹೇಳಿದೆನೋ, ನನಗೆ ಗೊತ್ತಿರಲಿಲ್ಲ ಅಂದೆನೋ, ನನಗೇ ತಿಳಿಯದು. ಹೇಳಿದ ಮೇಲೆ ಅಳು ನಿಲ್ಲಲಿಲ್ಲ.

ಅಕ್ಕ ಕೈ ಸೆರಗಿಗೆ ಒರೆಸಿಕೊಂಡಳು. ಎಲೆ ತೆಗೆದುಕೊಂಡಳು.

"ಗೊತ್ತು ಕಣೇ" ಅಂದಳು.

ಜೂನ್ 9, ಭಾನುವಾರ

ಇವತ್ತು ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ತಪ್ಪು ನನ್ನದೇ ಎಂದು ಹೇಳಿದೆ. ಮೂರು ಸಲ ಹೇಳಬೇಕಾಯಿತು, ಮೊದಲೆರಡು ಸಲ ದನಿ ಹೊರಡಲಿಲ್ಲ. ಆಮೇಲೆ ಕೆಲವರು ಅಕ್ಕನ ಕೈ ಹಿಡಿದರು. ಕೆಲವರು ಹಿಡಿಯಲಿಲ್ಲ. ಅದು ನಾನು ಹಚ್ಚಿದ್ದು. ನಾನು ಒರೆಸಿದ ತಕ್ಷಣ ಹೋಗುವುದಿಲ್ಲ.

ಮಧ್ಯಾಹ್ನ ಅಕ್ಕ, ಭಾವ ಊಟಕ್ಕೆ ಬಂದರು. ಕಾಳು, ಮೆಕ್ಕೆಜೋಳದ ಮಕಾಂದೆ ಮಾಡಿದೆ. ಸೂರಿನ ನೀರು, ಮಗಾದಿ ಇಲ್ಲ. ಬೆಳಗಿನಿಂದ ಕುದಿಸಿದರೂ ಕಾಳು ಹಲ್ಲಿಗೆ ಟಕ್ಕೆನ್ನುತ್ತಿತ್ತು. ಓಬೆದಿ ಒಂದು ತುತ್ತು ಅಗಿದು "ಹೂಂ" ಅಂದರು. ಭಾವ ಗುಟ್ಟಾಗಿ ತಟ್ಟೆಯ ಅಂಚಿಗೆ ತಳ್ಳಿದರು. ಮೂವತ್ತು ವರ್ಷ ಅಡುಗೆ ಮಾಡಿದವಳ ಮಾನ ಹೋಯಿತು.

ಅಕ್ಕ ಮಾತ್ರ ತನ್ನ ಕಂದು ಹಲ್ಲಿನಲ್ಲಿ ಒಂದೊಂದೇ ಕಾಳನ್ನು ನಿಧಾನವಾಗಿ ಅಗಿಯುತ್ತಾ ಇಡೀ ತಟ್ಟೆ ಖಾಲಿ ಮಾಡಿದಳು. ಮತ್ತೆ ತಟ್ಟೆ ಚಾಚಿ, "ಇನ್ನೊಂದ್ ಸೌಟು ಹಾಕೇ" ಅಂದಳು.